ಇನ್ನೂರು ವೋಲ್ಟು ಬಂತು, ಸರಿ. ಎಷ್ಟು ಹೊತ್ತು?

(ಹಾವೇರಿ ಜಿಲ್ಲೆಯಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವ ಓದುಗರೊಬ್ಬರ ಪತ್ರದ ಸಾರ: “ಸೈಕಲ್ ಚಕ್ರಕ್ಕೆ ಆಯಸ್ಕಾಂತ ಅಂಟಿಸಿ, ಪಕ್ಕದಲ್ಲಿ ಬೈಫಿಲರ್ (ಎರಡು ತಂತಿ ಜೊತೆಯಾಗಿ ಸುತ್ತಿದ) ಸುರುಳಿ ಇಟ್ಟು, ಒಂದು ಬ್ಯಾಟರಿಯಿಂದ ತಿರುಗಿಸಿ ಇನ್ನೊಂದನ್ನು ಚಾರ್ಜ್ ಮಾಡುತ್ತಿದ್ದೇನೆ. ಒಳಗೆ ಹೋಗುವುದು 12 ವೋಲ್ಟು, 0.4 ಆಂಪಿಯರ್. ಎರಡನೇ ಬ್ಯಾಟರಿ ಕಳಚಿ ಅಲ್ಲಿ ಮೀಟರಿಟ್ಟರೆ 200 ವೋಲ್ಟು! ಟೆಸ್ಲಾ ಪೇಟೆಂಟಿನಲ್ಲೂ ಎರಡೂವರೆ ಲಕ್ಷ ಪಟ್ಟು ಅಂತಿದೆ. ಹಾಕಿದ್ದಕ್ಕಿಂತ ಹೆಚ್ಚು ಕರೆಂಟು ತೆಗೆಯಬಹುದು ಅಂತ ಕೈಗಾದ ತಿವಾರಿಯವರೂ ಹೇಳಿದ್ದರಲ್ಲ? ನನ್ನ ಲೇಖನ ಯಾಕೆ ಹಾಕಲಿಲ್ಲ?”)

ನಮಸ್ಕಾರ. ಮೊದಲು ಹೊಗಳಿಕೆ. ನೀವು ಕಳಿಸಿದ ಚಿತ್ರದಲ್ಲಿ ಸುರುಳಿ ನೋಡಿದೆ. ಒಂದು ಸುತ್ತೂ ಇನ್ನೊಂದರ ಮೇಲೆ ಹತ್ತಿಲ್ಲ. ವೆಲ್ಡಿಂಗ್ ರಾಡ್ ಕತ್ತರಿಸಿ ಮಾಡಿದ ಕೋರ್ ಕೂಡ ಚೆನ್ನಾಗಿದೆ. ಕೈಕೆಲಸದ ಬಗ್ಗೆ ನನ್ನದೇನೂ ತಕರಾರಿಲ್ಲ. ತಕರಾರು ಲೇಖನದ ತಲೆಬರಹದ ಮೇಲೆ: ‘ತಾನೇ ತಾನಾಗಿ ಕರೆಂಟು ಕೊಡುವ ಚಕ್ರ’.

ಟೆಸ್ಲಾ ವಿಚಾರ ಮೊದಲು ಮುಗಿಸೋಣ. 1894ರ ಆ ಪೇಟೆಂಟಿನಲ್ಲಿ ಎರಡೂವರೆ ಲಕ್ಷ ಅನ್ನುವ ಅಂಕಿ ಇರುವುದು ನಿಜ. ಸಾವಿರ ಸುತ್ತಿನ ಸುರುಳಿಗೆ 100 ವೋಲ್ಟು ಕೊಟ್ಟರೆ ಅಕ್ಕಪಕ್ಕದ ಎರಡು ಸುತ್ತುಗಳ ನಡುವೆ ಬರುವ ವ್ಯತ್ಯಾಸ 0.1 ವೋಲ್ಟು ಮಾತ್ರ. ಎರಡು ತಂತಿ ಜೊತೆಯಾಗಿ ಸುತ್ತಿ, ಮೊದಲನೆಯದರ ತುದಿಯನ್ನು ಎರಡನೆಯದರ ಬುಡಕ್ಕೆ ಸೇರಿಸಿದರೆ ಅದೇ ವ್ಯತ್ಯಾಸ 50 ವೋಲ್ಟು ಆಗುತ್ತದೆ. ಐನೂರು ಪಟ್ಟು. ಶಕ್ತಿ ವೋಲ್ಟಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ 500 ಗುಣಿಸು 500, ಅಂದರೆ 2,50,000. ಆದರೆ ಇದು ಸುತ್ತುಗಳ ನಡುವೆ ಕೂಡಿಟ್ಟುಕೊಳ್ಳುವ ಶಕ್ತಿಯ ಮಾತು, ಹುಟ್ಟುವ ಶಕ್ತಿಯದ್ದಲ್ಲ. ಚಾರ್ಜು ಕೂಡಿಡುವ ದುಬಾರಿ ಕಂಡೆನ್ಸರ್ ಹಾಕುವ ಖರ್ಚು ತಪ್ಪಿಸಲು ಸುರುಳಿಯನ್ನೇ ಕಂಡೆನ್ಸರಿನ ಹಾಗೆ ಮಾಡಿದ ಜಾಣತನ ಅದು. ಹಗೇವು ದೊಡ್ಡದು ಮಾಡಿದರೆ ಹೊಲದಲ್ಲಿ ಜೋಳ ಹೆಚ್ಚು ಬೆಳೆಯುತ್ತದೆಯೇ?

ಅಷ್ಟಕ್ಕೂ ನಿಮ್ಮ ಚಕ್ರದಲ್ಲಿರುವುದು ಆ ಬೈಫಿಲರ್ ಅಲ್ಲ. ನಿಮ್ಮ ಒಂದು ತಂತಿ ಆಯಸ್ಕಾಂತ ಬಂದದ್ದನ್ನು, ಕರೆಂಟು ಹಾಕಿ ಕಡಿಯುವ ಟ್ರಾನ್ಸಿಸ್ಟರಿಗೆ ತಿಳಿಸುತ್ತದೆ, ಇನ್ನೊಂದು ಚಕ್ರವನ್ನು ನೂಕುತ್ತದೆ. ಹೆಸರೊಂದೇ, ಕೆಲಸ ಬೇರೆ.

ಇನ್ನು 200 ವೋಲ್ಟು. ಸುರುಳಿಯ ಕರೆಂಟನ್ನು ತಟ್ಟನೆ ಕಡಿದರೆ ಒಂದು ಕ್ಷಣ ವೋಲ್ಟು ಮೇಲೇರುತ್ತದೆ, ಅಷ್ಟೆ. ಸ್ಟಾರ್ಟರ್ ಆಫ್ ಮಾಡಿದಾಗ ಕಾಂಟ್ಯಾಕ್ಟಿನಲ್ಲಿ ಚಟ್ಟೆಂದು ಹಾರುವ ಕಿಡಿಯನ್ನು ನೀವು ದಿನಾ ನೋಡುತ್ತೀರಿ. ಮೈಸೂರಿನ ಹಳೇ ಯೆಜ್ಡಿ ಬೈಕಿನಲ್ಲಿ 6 ವೋಲ್ಟಿನ ಕರೆಂಟನ್ನು ಪಾಯಿಂಟ್ ಕಡಿದೊಡನೆ ಪ್ಲಗ್ಗಿನಲ್ಲಿ ಸಾವಿರಾರು ವೋಲ್ಟು ಬರುತ್ತಿತ್ತು. ಅದಕ್ಕೆ ಯಾರೂ ಯೆಜ್ಡಿಯನ್ನು ಪವರ್‌ಹೌಸ್ ಅನ್ನಲಿಲ್ಲ. ನಿಮ್ಮ ಸುರುಳಿ 20 ಮಿಲಿಹೆನ್ರಿ (ಅದೇ ಕರೆಂಟಿಗೆ ಸುರುಳಿ ಎಷ್ಟು ಶಕ್ತಿ ಹಿಡಿದಿಡುತ್ತದೆ ಅನ್ನುವ ಅಳತೆ), ಕಡಿಯುವ ಹೊತ್ತಿಗೆ ಕರೆಂಟು 1 ಆಂಪಿಯರ್ ಅಂತಿಟ್ಟುಕೊಳ್ಳಿ. ಒಂದು ಸಲಕ್ಕೆ ಸಿಗುವುದು ಒಂದು ಜೌಲಿನ ನೂರರಲ್ಲೊಂದು ಪಾಲು. ಸೆಕೆಂಡಿಗೆ 40 ಸಲ ಆದರೆ 0.4 ವಾಟ್. ಒಳಗೆ ಹೋದದ್ದು 12 ಗುಣಿಸು 0.4, ಅಂದರೆ 4.8 ವಾಟ್.

ತಿವಾರಿಯವರ ಬಗ್ಗೆ ಹಗುರಾಗಿ ಮಾತಾಡಲಾರೆ. ಕೈಗಾ ಅಣುಸ್ಥಾವರದ ಯೋಜನೆ ನಡೆಸಿದ ಇಂಜಿನಿಯರ್ ಅವರು. 1831ರಲ್ಲಿ ಫ್ಯಾರಡೆ ಆಯಸ್ಕಾಂತದ ನಡುವೆ ತಿರುಗಿಸಿ ಕರೆಂಟು ತೆಗೆದ ತಾಮ್ರದ ತಟ್ಟೆಯ ಜಾಡು ಹಿಡಿದೇ ಹೋದವರು. ಆದರೆ ದೊಡ್ಡ ಇಂಜಿನಿಯರ್ ಹೇಳಿದರೂ ಅದೇ ಅಂಕಿ ಇನ್ನೊಬ್ಬರ ಮೇಜಿನ ಮೇಲೆ, ಇನ್ನೊಬ್ಬರ ಮೀಟರಿನಲ್ಲಿ ಬರಬೇಕು. ಅಮೆರಿಕದ ಜೋಸೆಫ್ ನ್ಯೂಮನ್, ಹಾಕಿದ್ದಕ್ಕಿಂತ ಹೆಚ್ಚು ಶಕ್ತಿ ಕೊಡುತ್ತದೆ ಅಂದ ತನ್ನ ಯಂತ್ರಕ್ಕೆ ಪೇಟೆಂಟ್ ಬೇಕೆಂದು ಕೋರ್ಟಿಗೆ ಹೋದಾಗ, 1986ರಲ್ಲಿ ಅಲ್ಲಿನ ಸರ್ಕಾರಿ ಮಾಪನ ಸಂಸ್ಥೆ ಅದನ್ನು ಪರೀಕ್ಷಿಸಿತು. ಹೊರಗೆ ಬಂದದ್ದು ಒಳಗೆ ಹೋದದ್ದಕ್ಕಿಂತ ಕಡಿಮೆಯೇ ಇತ್ತು.

ಹಾಗಾದರೆ ನೀವೇನು ಮಾಡಬೇಕು? ವೋಲ್ಟ್‌ಮೀಟರ್ ಪಕ್ಕಕ್ಕಿಡಿ. ಚಾರ್ಜಿನಿಂದ ಆಗಷ್ಟೇ ಇಳಿಸಿದ ಸೀಸದ ಬ್ಯಾಟರಿ 12.9 ತೋರಿಸುವುದು ದೊಡ್ಡ ಮಾತಲ್ಲ. ಒಂದು ರಾತ್ರಿ ಬಿಟ್ಟು ನೋಡಿ, ಇಳಿದಿರುತ್ತದೆ. ಎರಡನೇ ಬ್ಯಾಟರಿಗೆ 5 ವಾಟಿನ ಬಲ್ಬು ಕಟ್ಟಿ, ಉರಿಯುತ್ತಿರುವಾಗಲೇ 11 ವೋಲ್ಟಿಗೆ ಬರುವವರೆಗೆ ಇಳಿಸಿ. ಆಮೇಲೆ ಚಕ್ರ ಹತ್ತು ಗಂಟೆ ತಿರುಗಲಿ. ಒಳಗೆ ಹೋಗುವುದು 48 ವಾಟ್‌ಗಂಟೆ. ಮತ್ತೆ ಅದೇ ಬಲ್ಬು, ಅದೇ 11ರ ಗುರುತು. 48ನ್ನು 5ರಿಂದ ಭಾಗಿಸಿದರೆ 9.6; ಆ 9.6 ಗಂಟೆ ದಾಟಿ ಉರಿದರೆ ನನಗೆ ಫೋನ್ ಮಾಡಿ, ನಡುರಾತ್ರಿಯಾದರೂ ಸರಿ. ಒಂದೇ ಸಲ ಸಾಲದು, ಹಳೇ ಚಾರ್ಜು ಉಳಿದಿರಬಹುದು. ಐದಾರು ಸಲ ಮಾಡಿ. ನನ್ನ ಊಹೆ ಕೇಳುತ್ತೀರಾದರೆ, ಎರಡು ಗಂಟೆ ಉರಿದರೆ ಹೆಚ್ಚು.

ಈ ಅಂಕಿಗಳನ್ನು ಬರೆದ ಹಾಳೆ ಕಳಿಸಿ, ಅಂಕಿ ಏನೇ ಇರಲಿ ಅಚ್ಚು ಹಾಕುತ್ತೇವೆ. ಸುರುಳಿ ಸುತ್ತುವ ನಿಮ್ಮ ವಿವರಣೆಯಂತೂ ಒಂದಕ್ಷರ ಬಿಡದೆ ಹಾಕುವಂಥದ್ದು. ತಲೆಬರಹ ಮಾತ್ರ ನಮಗೆ ಬಿಡಿ.

ಮರೆತಿದ್ದೆ. ಬ್ಯಾಟರಿ ಕಳಚಿದಾಗ 200 ವೋಲ್ಟು ಓದಿದಿರಿ ಅಂದಮೇಲೆ ಏರಿದ ವೋಲ್ಟನ್ನು ತಾನು ಹರಿಸಿಕೊಂಡು ಕಾಯುವ ನಿಯಾನ್ ಬಲ್ಬು ಟ್ರಾನ್ಸಿಸ್ಟರಿಗೆ ಅಡ್ಡಲಾಗಿ ಇಲ್ಲ ಅಂತಾಯಿತು. ಲೈನ್ ಟೆಸ್ಟರಿನಲ್ಲಿರುವಂಥದ್ದೇ ಒಂದು ಚಿಕ್ಕದು ಸಾಕು. ಇವತ್ತೇ ಹಾಕಿ, ಇಲ್ಲದಿದ್ದರೆ ಮುಂದಿನ ಸಲ ಕಳಚುವಾಗ ಟ್ರಾನ್ಸಿಸ್ಟರ್ ಹೋಗಬಹುದು.

— ಸಂಪಾದಕ