ಕುದುರೆ ಬಾಡಿಗೆ ಧಂದೆಗೆ ಯಾವ ಸಂಘ ಸೇರಬೇಕು?

ಬೆಳಗಾವಿಯಲ್ಲಿ ಲಗ್ನಕ್ಕೆ ಕುದುರೆ, ಬಗ್ಗಿ ಬಾಡಿಗೆ ಕೊಡ್ತೀರಿ, ಮುಂಜಾನೆ ಹುಡುಗರಿಗೆ ಸವಾರಿ ಕಲಿಸ್ತೀರಿ, ಕುದುರೆಯವರ ಸಂಘ ಸೇರಿದರೆ ಗಿರಾಕಿ ಹೆಚ್ಚಾಗ್ತಾರಾ ಅಂತ ಕೇಳೀರಿ. ನಾನೂ ಒಂದು ಕಾಲಕ್ಕೆ ಕೇಳಿಕೊಂಡ ಪ್ರಶ್ನೆನೇ. ಲಗ್ನದ ಗಿರಾಕಿ ಬರೋದಿಲ್ಲ. ಮದುಮಗನ ಕಾಕಾ ಯಾವ ಸಂಘದ ಪಟ್ಟಿಯನ್ನೂ ತೆಗೆದು ನೋಡೋದಿಲ್ಲರಿ. ಮಂಗಲ ಕಾರ್ಯಾಲಯದವರನ್ನ ಕೇಳ್ತಾರೆ, ಇಲ್ಲಾ ಬ್ಯಾಂಡಿನವರನ್ನ. ಅವರು ಇರೋ ಸಂಘಕ್ಕೆ ಫೀ ಕಟ್ಟಿ: ಪೆಂಡಾಲ್-ಡೆಕೋರೇಶನ್‌ನವರದು, ಇಲ್ಲಾ ಊರಿನ ಚೇಂಬರ್ ಆಫ್ ಕಾಮರ್ಸ್. ಕುದುರೆಯವರ ಸಂಘದಲ್ಲಿ ಸಿಗೋರು ಬಹಳಷ್ಟು ನಿಮ್ಮ ಎದುರಾಳಿಗಳೇ. ದೊಡ್ಡ ಮುಹೂರ್ತದ ದಿನ ಕುದುರೆ ಕಡಿಮೆ ಬಿದ್ದಾಗ ಒಬ್ಬರಿಗೊಬ್ಬರು ಕೆಲಸ ದಾಟಿಸ್ತಾರೆ, ಅಷ್ಟು ಲಾಭ ಇದೆ.

ಬಹಳ ಮಂದಿ ದುಡ್ಡು ಕಳಕೊಳ್ಳೋದು ಸಂಘದ ಸದಸ್ಯತ್ವದ ಅರ್ಜಿಯ ಒಂದೇ ಕಾಲಮ್ಮಿನಲ್ಲಿ. ‘ಉದ್ಯೋಗದ ಸ್ವರೂಪ’ ಅಂತ ಇರುತ್ತೆ, ಅಲ್ಲಿ ‘ಕುದುರೆ ವ್ಯಾಪಾರ’ ಅಂತ ಬರೆದು ಸಹಿ ಹಾಕ್ತಾರೆ. ಸಂಘದ ಸದಸ್ಯರ ಡೈರೆಕ್ಟರಿ ಮಾಡೋ ಗುಮಾಸ್ತ ಅದನ್ನ ಪಶುಸಂಗೋಪನೆ ಕೆಳಗೆ ಸೇರಿಸ್ತಾನೆ. ಆಮೇಲೆ ವರ್ಷವಿಡೀ ಫೋನ್ ಮಾಡೋರು ಹೊಟ್ಟು ಮಾರೋರು, ಮುದಿ ಕುದುರೆ ಮಾರೋರು. ಹೀಗೆ ಬರೀರಿ: ‘ಲಗ್ನದ ಮೆರವಣಿಗೆಗೆ ಬಿಳಿ ಕುದುರೆ, ಎರಡು ಕುದುರೆಯ ಬಗ್ಗಿ, ಬೆಳಗಾವಿ, ಗೋಕಾಕ, ಚಿಕ್ಕೋಡಿ, ನಿಪ್ಪಾಣಿ.’ ಒಂದೇ ವಿಭಾಗಕ್ಕೆ ಜಾಗ ಇದ್ದರೆ ‘ವಿವಾಹ ಸೇವೆ’ ಕೇಳಿ ಹಾಕಿಸಿ. ಹೆಸರು, ನಂಬರು ಡೈರೆಕ್ಟರಿಯಲ್ಲಿ, ಗೂಗಲ್ ಮ್ಯಾಪಿನಲ್ಲಿ, ಬಿಲ್ಲಿನಲ್ಲಿ ಅಕ್ಷರಕ್ಕಕ್ಷರ ಒಂದೇ ಇರಲಿ. ಬೇರೆಬೇರೆ ಇದ್ದರೆ ಗೂಗಲ್‌ಗೂ ಗಿರಾಕಿಗೂ ಎರಡು ಅಂಗಡಿ ಅನಿಸುತ್ತೆ. ಕನ್ನಡದ ಜೊತೆ ಮರಾಠಿಯಲ್ಲೂ ಹೆಸರು ಕೊಡಿ. ಇದೆಲ್ಲ ದೀಪಾವಳಿ ಒಳಗೆ ಮುಗೀಬೇಕು. ತುಳಸಿ ಲಗ್ನ ಆದಮೇಲೆ ಸೀಜನ್ ಶುರು, ಆಗ ಛಾಪಿಸಿದ್ದು ಮುಂದಿನ ವರ್ಷಕ್ಕೇ.

ಸವಾರಿ ಶಾಲೆಯ ಮಾತು ಬೇರೆ. ಅಲ್ಲಿ ತಂದೆತಾಯಿ ಕಾಗದ ನೋಡ್ತಾರೆ. ಹುಡುಗರನ್ನ ಸ್ಪರ್ಧೆಗೆ ಕಳಿಸೋ ವಿಚಾರ ಇದ್ದರೆ ದೇಶದ ಕುದುರೆ ಸವಾರಿ ಕ್ರೀಡೆ ನೋಡಿಕೊಳ್ಳೋ ಈಕ್ವೆಸ್ಟ್ರಿಯನ್ ಫೆಡರೇಶನ್ ಆಫ್ ಇಂಡಿಯಾ ಜೊತೆಗಿನ ನೋಂದಣಿಗೆ ಬೆಲೆ ಇದೆ, ಇಲ್ಲದಿದ್ದರೆ ಅವಸರ ಬೇಡ.

ಸಂಘದ ಲೋಗೋ ಹಾಕಿದರೆ ಸದಸ್ಯತ್ವದ ವರ್ಷವನ್ನೂ ಹಾಕಿ, ಅವಧಿ ಮುಗಿದ ದಿನ ಬೋರ್ಡಿನಿಂದ ತೆಗೀರಿ. ‘ಸರಕಾರಿ ಮಾನ್ಯತೆ’ ಅಂತ ಮಾತ್ರ ಬರೀಬೇಡಿ. ಸಂಘದ ರಸೀದಿ ಲೈಸೆನ್ಸ್ ಅಲ್ಲ.

ಲೋಗೋಗಿಂತ ಗಟ್ಟಿ ಜಾಹೀರಾತು ಕುದುರೆಯ ಆರೈಕೆ. ಗ್ಲ್ಯಾಂಡರ್ಸ್ ಕುದುರೆಯಿಂದ ಮನುಷ್ಯರಿಗೂ ತಗಲೋ ರೋಗ, ಅದರ ರಕ್ತಪರೀಕ್ಷೆಯ ವರದಿ ಮೊಬೈಲಿನಲ್ಲಿ ಇಟ್ಟುಕೊಂಡು ಕೇಳೋ ಮೊದಲೇ ತೋರಿಸಿ. ಗಾಡಿ ಎಳೆಯೋ, ಹೇರು ಹೊರೋ ಪ್ರಾಣಿಗಳ 1965ರ ನಿಯಮದ ಪ್ರಕಾರ ದಿನಕ್ಕೆ 9 ತಾಸಿಗಿಂತ ಹೆಚ್ಚು, ವಿಶ್ರಾಂತಿ ಇಲ್ಲದೆ 5 ತಾಸಿಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟೋ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ವಿಜಯಪುರದ ಬೇಸಿಗೆಯಲ್ಲಿ ಗೋಳಗುಮ್ಮಟದ ಮುಂದೆ ಟಾಂಗಾ ನಿಲ್ಲಿಸೋರಿಗೆ ಇದು ದಿನದಿನದ ಮಾತು. ಈ ವೇಳಾಪಟ್ಟಿಯನ್ನ ಎಲ್ಲರೂ ಕೂಡಿ ಒಂದೇ ಬೋರ್ಡಿನಲ್ಲಿ ಬರೆಸಿದರೆ ಪ್ರವಾಸಿಗರು ಓದ್ತಾರೆ. ಕುದುರೆಯವರ ಸಂಘದಿಂದ ಇಂಥದ್ದು ಆಗಬೇಕು. ನಿಮ್ಮಲ್ಲಿ ಸಂಘವೇ ಇಲ್ಲದಿದ್ದರೆ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಕೆಳಗೆ 7 ಜನ ಕೂಡಿ ಕಟ್ಟಬಹುದು.

ಫೋನ್ ಬಂದಾಗೆಲ್ಲ ‘ನಂಬರ್ ಯಾರು ಕೊಟ್ಟರು?’ ಅಂತ ಕೇಳಿ ವಹಿಯಲ್ಲಿ ಬರೆದಿಡಿ. ಮುಂದಿನ ದೀಪಾವಳಿಗೆ ಲೆಕ್ಕ ಹಾಕಿ, ಸಂಘದಿಂದ ಬಂದ ಬುಕ್ಕಿಂಗಿನ ಲಾಭ ಫೀ ದಾಟದಿದ್ದರೆ ನವೀಕರಿಸಬೇಡಿ.