ಕೇಳಿದ್ದಕ್ಕೆ ಹೇಳಿದ್ದು: ಕೋಡ್ ಬಿಟ್ಟು ಕಾದಂಬರಿಗೆ

ಪ್ರಶ್ನೆ: ಗೇಮ್ ಪ್ರೋಗ್ರಾಮರ್ ಆಗಿ ಬಹಳ ವರ್ಷ ದುಡಿದೆ, ಸ್ವಂತ ಸ್ಟುಡಿಯೊ ನಡೆಸಿದೆ, ಈಗ ಅದನ್ನು ಮುಚ್ಚುತ್ತಿದ್ದೇನೆ. ಕಾದಂಬರಿ ಬರೆಯುವ ಆಸೆ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದಾರೆಯೇ? ಇಷ್ಟು ವರ್ಷದ ಕೋಡಿಂಗ್ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೇ?

ಉತ್ತರ: ಇದ್ದಾರೆ. ಜೋರ್ಡನ್ ಮೆಕ್ನರ್. 'ಪ್ರಿನ್ಸ್ ಆಫ್ ಪರ್ಷಿಯಾ' ಆಟ ಬರೆದವರು ಎಂದರೆ ನಿಮಗೆ ಬೇರೆ ಪರಿಚಯ ಬೇಕಿಲ್ಲ. ಅಮೆರಿಕದ ಯೇಲ್‌ನಲ್ಲಿ ಓದುತ್ತಿದ್ದಾಗಲೇ 'ಕರಾಟೇಕಾ' ಎಂಬ ಆಟ ಬರೆದು 1984ರಲ್ಲಿ ಹೆಸರು ಮಾಡಿದರು. ಮುಂದಿನ ಆಟ 'ಪ್ರಿನ್ಸ್ ಆಫ್ ಪರ್ಷಿಯಾ'ಕ್ಕಾಗಿ ತಮ್ಮನನ್ನು ಪಾರ್ಕಿಂಗ್ ಜಾಗದಲ್ಲಿ ಓಡಿಸಿ, ಹಾರಿಸಿ, ವಿಡಿಯೊ ತೆಗೆದು, ಅದರ ಒಂದೊಂದು ಫ್ರೇಮನ್ನೂ ನೋಡಿ ರಾಜಕುಮಾರನ ಚಲನೆ ಬಿಡಿಸಿದರು. 1989ರಲ್ಲಿ ಹೊರಬಂದ ಆ ಆಟದ ಒಂದು ಸಂಗತಿಯನ್ನು ಮಾತ್ರ ಬಿಡಿಸಿ ಹೇಳುತ್ತೇನೆ.

ರಾಜಕುಮಾರನ ಚಿತ್ರಗಳೇ ಆಪಲ್ 2 ಕಂಪ್ಯೂಟರಿನ ಮೆಮೊರಿಯನ್ನೆಲ್ಲ ನುಂಗಿಬಿಟ್ಟಿದ್ದವು. ಎದುರಾಳಿಗೆ ಜಾಗವಿಲ್ಲ. ಆಗ ಮೆಕ್ನರ್ ಅವೇ ಚಿತ್ರಗಳನ್ನು ಒಂದು ಪಿಕ್ಸೆಲ್ ಸರಿಸಿ, ಒಂದರ ಮೇಲೊಂದಿಟ್ಟು, ಎರಡರಲ್ಲೂ ಒಂದೇ ಆಗಿರುವ ಚುಕ್ಕೆ ಆರಿ ಬೇರೆಯಾದದ್ದು ಮಾತ್ರ ಬೆಳಗುವಂತೆ ಎಕ್ಸ್‌-ಓರ್ ಮಾಡಿದರು. ಮಿನುಗುವ ಒಬ್ಬ ನೆರಳುಮನುಷ್ಯ ಎದ್ದು ನಿಂತ. ಖರ್ಚಿಲ್ಲದ ಎದುರಾಳಿ. ಇನ್ನೊಬ್ಬ ಪ್ರೋಗ್ರಾಮರ್ ಆಗಿದ್ದರೆ ಅಷ್ಟಕ್ಕೇ ಖುಷಿಪಟ್ಟು ಮಲಗುತ್ತಿದ್ದ. ಇವರು ಅವನಿಗೊಂದು ಬಾಳು ಕೊಟ್ಟರು. ರಾಜಕುಮಾರ ಕನ್ನಡಿಯೊಳಗೆ ಹಾರಿದಾಗ ಆಚೆ ಬದಿಯಿಂದ ನೆರಳು ಹೊರಬೀಳುತ್ತಾನೆ. ನಾವು ಕುಡಿಯಬೇಕಿದ್ದ ಮದ್ದನ್ನು ಕಣ್ಣೆದುರೇ ಗಟಗಟ ಕುಡಿಯುತ್ತಾನೆ. ನಾವು ಹಾರುವ ಹೊತ್ತಿಗೆ ಸರಿಯಾಗಿ ಬಾಗಿಲು ಬೀಳಿಸುತ್ತಾನೆ. (ಆಟವಾಡುವಾಗ ನಾನು ಅವನಿಗೆ ಬೈದ ಬೈಗುಳ ಪತ್ರಿಕೆಯಲ್ಲಿ ಅಚ್ಚಾಗುವಂಥದ್ದಲ್ಲ.) ಕೊನೆಗೆ ಕತ್ತಿ ಹಿರಿದು ಎದುರಾಬದುರು ನಿಂತರೆ, ಅವನಿಗೆ ಹೊಡೆದ ಏಟು ನಮಗೂ ಬೀಳುತ್ತದೆ! ಕತ್ತಿಯನ್ನು ಒರೆಗೆ ಸೇರಿಸಿ ಅವನತ್ತ ಓಡಬೇಕು, ಇಬ್ಬರೂ ಒಂದಾಗುತ್ತಾರೆ.

ಜಾಗ ಸಾಲದೆ ಹುಟ್ಟಿದವನಿಗೆ ಹಗೆ, ಹಟ, ರಾಜಿ ಎಲ್ಲ ಒದಗಿಸಿದ್ದು ಕಥೆಗಾರನ ಬುದ್ಧಿಯೇ ತಾನೆ? ಈ ಮನುಷ್ಯ ಒಂದು ದಿನ ಕೋಡ್ ಬಿಟ್ಟು ಮರುದಿನ ಬರಹಗಾರರಾದವರಲ್ಲ. ಆ ಆಟವನ್ನೇ ತಿಂಗಳುಗಟ್ಟಲೆ ಬದಿಗಿಟ್ಟು ಚಿತ್ರಕಥೆ ಬರೆಯಲು ಕೂತಿದ್ದರು. ಜೊತೆಗೆ ಡೈರಿ ಬರೆಯುವ ಅಭ್ಯಾಸ; ಅದು ಮುಂದೆ ಪುಸ್ತಕವಾಗಿ ಬಂತು.

ಪ್ರಶ್ನೆ (ಅದೇ ಪತ್ರದಿಂದ): ಸ್ಟುಡಿಯೊ ಮುಚ್ಚಿದವನು ಎಂಬ ಹಣೆಪಟ್ಟಿ ಬರಹಕ್ಕೆ ಅಡ್ಡ ಬರುವುದಿಲ್ಲವೇ?

ಉತ್ತರ: ಓದುಗರು ನಿಮ್ಮ ಬ್ಯಾಲೆನ್ಸ್ ಶೀಟ್ ಕೇಳುವುದಿಲ್ಲ. ಮೆಕ್ನರ್ 1993ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ವಂತ ಕಂಪನಿ ಕಟ್ಟಿ, 1997ರಲ್ಲಿ 'ದಿ ಲಾಸ್ಟ್ ಎಕ್ಸ್‌ಪ್ರೆಸ್' ತಂದರು. ವಿಮರ್ಶಕರು ಹೊಗಳಿದರು, ಅಂಗಡಿಯಲ್ಲಿ ಮಲಗಿತು, ಕಂಪನಿಯೂ ಉಳಿಯಲಿಲ್ಲ. 2003ರ 'ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್' ಆಟಕ್ಕೆ ಬರಹಗಾರರಾಗಿ ಮರಳಿದರು. ಆಮೇಲೆ 1307ರ ಪ್ಯಾರಿಸ್‌ನ ಟೆಂಪ್ಲರ್ ಎಂಬ ಕ್ರೈಸ್ತ ಯೋಧರ ಪಂಥದ ಮೇಲೆ ಗ್ರಾಫಿಕ್ ನಾವೆಲ್, ಅಂದರೆ ಚಿತ್ರಗಳಲ್ಲೇ ಸಾಗುವ ಕಾದಂಬರಿ. ನಂತರ, ನಾಜಿಗಳಿಂದ ತಪ್ಪಿಸಿಕೊಂಡು ವಿಯೆನ್ನಾ ಬಿಟ್ಟ ತಂದೆಯ ಬಾಲ್ಯವನ್ನೂ ತನ್ನ ಬದುಕನ್ನೂ ಹೆಣೆದು, ತಾನೇ ಚಿತ್ರ ಬಿಡಿಸಿದ ಇನ್ನೊಂದು. ಅದು ಮೊದಲು ಫ್ರಾನ್ಸಿನಲ್ಲಿ 2023ರಲ್ಲಿ ಬಂತು. ಚಿತ್ರವಿದ್ದರೆ ಅದು ಕಾದಂಬರಿಯೇ ಅಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಮುರಿಯಲಿ ಬಿಡಿ.

ಪ್ರಶ್ನೆ: ನನ್ನ ಕಥಾಲೋಕದ ನಕ್ಷೆ, ರಾಜವಂಶಗಳ ಪಟ್ಟಿ, ಕಾಲಗಣನೆ ಎಲ್ಲ ಸಿದ್ಧ. ಕಥೆ ಮಾತ್ರ ಮುಂದೆ ಸಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ಆಟ ಕಟ್ಟಿದವರೆಲ್ಲರ ಕಾಯಿಲೆ ಇದು. ಆಟದಲ್ಲಿ ಲೋಕ ಕಟ್ಟಿಕೊಟ್ಟರೆ ಅದರೊಳಗೆ ಓಡಾಡುವವನು ಆಟಗಾರ. ಕಾದಂಬರಿಯಲ್ಲಿ ಆ ಕೆಲಸವೂ ನಿಮ್ಮದೇ. ಮೇಲೆ ಹೇಳಿದ ಸೋತ ಆಟ 'ದಿ ಲಾಸ್ಟ್ ಎಕ್ಸ್‌ಪ್ರೆಸ್' ಅನ್ನೇ ನೋಡಿ: 1914ರ ಜುಲೈ, ಓರಿಯಂಟ್ ಎಕ್ಸ್‌ಪ್ರೆಸ್ ರೈಲು. ಗಡಿಯಾರ ಓಡುತ್ತಲೇ ಇರುತ್ತದೆ, ಪ್ರಯಾಣಿಕರು ತಮ್ಮಷ್ಟಕ್ಕೆ ಮಾತಾಡುತ್ತಾರೆ, ಜಗಳವಾಡುತ್ತಾರೆ. ನೀವು ಊಟದ ಬೋಗಿಯಲ್ಲಿ ಕಿವಿಗೊಟ್ಟು ಕೂತಿದ್ದರೆ ಮಲಗುವ ಬೋಗಿಯಲ್ಲಿ ನಡೆದದ್ದು ತಪ್ಪಿಹೋಯಿತು. ರೈಲಿನ ಸಂಗತಿಯೆಲ್ಲ ಬರೆದವರಿಗೆ ಗೊತ್ತು, ಆಟಗಾರನಿಗೆ ಸಿಕ್ಕುವುದು ಅಷ್ಟಿಷ್ಟು. ನಿಮ್ಮ ರಾಜವಂಶಗಳನ್ನೂ ಹಾಗೆಯೇ ನೀವೇ ಇಟ್ಟುಕೊಳ್ಳಿ. ಒಬ್ಬ ಮನುಷ್ಯನನ್ನು ಆರಿಸಿ, ಅವನಿಗೆ ಆ ದಿನವೇ ಬೇಕಾದ ಒಂದು ವಸ್ತು ಕೊಡಿ, ಅದು ಸಿಗದಂತೆ ಮಾಡಿ.

ಮತ್ತೆ, ನಕ್ಷೆ ಕಳಿಸಬೇಡಿ. ಮೊದಲ ಅಧ್ಯಾಯ ಮುಗಿದಾಗ ಅದನ್ನು ಕಳಿಸಿ, ಓದುತ್ತೇನೆ.