ಪೈರನ್ನು ಎಳೆದು ಬೆಳೆಸಹೊರಟ ಸೊಂಗ್ ರಾಜ್ಯದ ರೈತ

ಪ್ರಶ್ನೆ: ನಮ್ಮ ಶಾಲೆಯ ಪಾಲಕರ ಸಭೆಗೆ ಬಂದಿದ್ದ ಅತಿಥಿಗಳೊಬ್ಬರು, ಬೇಗ ಬೆಳೆಯಲೆಂದು ಸಸಿಗಳನ್ನು ಕೈಯಾರೆ ಮೇಲಕ್ಕೆಳೆದ ರೈತನ ಕಥೆ ಹೇಳಿ, ಇದು ಕನ್‌ಫ್ಯೂಷಿಯಸ್ ಹೇಳಿದ ಚೀನೀ ಗಾದೆ ಎಂದರು. ಇದು ಅವನದೇ? ನಮ್ಮ ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬ ಗಾದೆಗೂ ಇದಕ್ಕೂ ಅರ್ಥ ಒಂದೇ ಏನು?
— ಶಿಕ್ಷಕಿಯೊಬ್ಬರು, ಸೇಡಂ, ಕಲಬುರಗಿ ಜಿಲ್ಲೆ

ಉತ್ತರ: ಕಥೆ ಚೀನಾದ್ದೇ, ಆದರೆ ಕನ್‌ಫ್ಯೂಷಿಯಸ್‌ನದಲ್ಲ. ಆತ ತೀರಿಕೊಂಡು ನೂರು ವರ್ಷಗಳ ಮೇಲೆ ಹುಟ್ಟಿದ, ಅವನ ವಿಚಾರಗಳನ್ನೇ ಮುಂದುವರಿಸಿದ ಮೆನ್ಸಿಯಸ್ ಎಂಬ ತತ್ತ್ವಜ್ಞಾನಿ ಹೇಳಿದ ಕಥೆ ಇದು. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಈ ಗುರುವಿನ ಮಾತುಗಳನ್ನು ಸಂಗ್ರಹಿಸಿದ, ಅವನದೇ ಹೆಸರಿನ ಗ್ರಂಥದಲ್ಲಿ ಇದು ಸಿಗುತ್ತದೆ. ಚೀನಿಯರು ಈ ನುಡಿಗಟ್ಟನ್ನು ‘ಯಾ ಮಿಯಾವ್ ಝು ಝಾಂಗ್’ ಎಂದು ನಾಲ್ಕು ಅಕ್ಷರಗಳಲ್ಲಿ ಬರೆಯುತ್ತಾರೆ. ಪೈರನ್ನು ಎಳೆದು ಬೆಳೆಯಲು ನೆರವಾಗುವುದು ಎಂಬುದು ಅದರ ಭಾವ.

ಕಥೆ ತೀರ ಚಿಕ್ಕದು. ಸೊಂಗ್ ರಾಜ್ಯದ ಒಬ್ಬ ರೈತ ತನ್ನ ಹೊಲದ ಪೈರು ಏಳುತ್ತಿಲ್ಲವೆಂದು ಕೊರಗಿ, ಒಂದೊಂದು ಸಸಿಯನ್ನೂ ಮೇಲಕ್ಕೆ ಜಗ್ಗಿ, ದಣಿದು ಮನೆಗೆ ಬಂದು, ಇಂದು ಬಹಳ ಆಯಾಸವಾಯಿತು, ಪೈರು ಬೆಳೆಯಲು ನೆರವಾಗಿ ಬಂದೆ ಎಂದು ಮನೆಯವರಿಗೆ ಹೇಳಿದ. ಮಗ ಓಡಿಹೋಗಿ ನೋಡುವಷ್ಟರಲ್ಲಿ ಸಸಿಗಳೆಲ್ಲ ಬಾಡಿದ್ದವು. ಇಂದಿನ ಹೆನಾನ್ ಪ್ರಾಂತ್ಯದ ಶಾಂಗ್‌ಚಿಯು ಸುತ್ತಮುತ್ತ ಇದ್ದ ಸೊಂಗ್, ಯುದ್ಧದಲ್ಲಿ ಸೋತ ಶಾಂಗ್ ರಾಜವಂಶದ ಪೀಳಿಗೆಗೆ ಬಿಟ್ಟುಕೊಟ್ಟ ರಾಜ್ಯವಾಗಿತ್ತು. ಆ ಕಾಲದ ಕಥೆಗಳಲ್ಲಿ ದಡ್ಡನೊಬ್ಬ ಬೇಕಾದಾಗ ಅವನನ್ನು ಸೊಂಗ್‌ನವನೆಂದೇ ಹೇಳುವುದು ರೂಢಿ. ಮರದ ಬುಡಕ್ಕೆ ಡಿಕ್ಕಿ ಹೊಡೆದು ಸತ್ತ ಮೊಲ ಸಿಕ್ಕಿತೆಂದು, ಇನ್ನೊಂದು ಮೊಲಕ್ಕಾಗಿ ಉಳುಮೆ ಬಿಟ್ಟು ಅಲ್ಲಿಯೇ ಕಾದು ಕೂತ ಮತ್ತೊಬ್ಬ ಪ್ರಸಿದ್ಧ ರೈತನೂ ಸೊಂಗ್‌ನವನೇ. ಸೋತವರ ವಂಶದವರಿಗೆ ಗೆದ್ದವರ ನಾಡಿನ ಕಥೆಗಳಲ್ಲಿ ಇಂಥ ಪಾಲು ಬಂದದ್ದು ನ್ಯಾಯವೆಂದು ನನಗೆ ಅನಿಸುವುದಿಲ್ಲ.

ನಿಮ್ಮ ಎರಡನೆಯ ಪ್ರಶ್ನೆ ಹೆಚ್ಚು ಮುಖ್ಯವಾದದ್ದು. ನಮ್ಮ ಗಾದೆ ಈ ಕಥೆಯ ಅರ್ಧವನ್ನು ಮಾತ್ರ ಮುಟ್ಟುತ್ತದೆ. ಮೆನ್ಸಿಯಸ್ ಇದನ್ನು ಹೇಳಿದ್ದು ಬೇಸಾಯದ ವಿಷಯಕ್ಕಲ್ಲ, ಮಕ್ಕಳ ಓದಿಗೂ ಅಲ್ಲ. ಶಿಷ್ಯ ಗೊಂಗ್‌ಸುನ್ ಚೌ ಕೇಳಿದ ಪ್ರಶ್ನೆಗೆ ಉತ್ತರವಾಗಿ, ಮನುಷ್ಯನೊಳಗಿನ ನೈತಿಕ ಚೈತನ್ಯವು ಪ್ರತಿದಿನದ ನ್ಯಾಯವಾದ ನಡತೆ ಕೂಡಿಕೂಡಿ ಬೆಳೆಯುತ್ತದೆಯೇ ಹೊರತು ಒಂದು ಒಳ್ಳೆಯ ಕೆಲಸದಿಂದ ಕೈವಶವಾಗುವುದಿಲ್ಲ ಎಂದು ವಿವರಿಸುವಾಗ ಈ ರೈತನನ್ನು ತಂದ. ಅಷ್ಟಕ್ಕೇ ನಿಲ್ಲಿಸಲಿಲ್ಲ. ಪ್ರಯೋಜನವಿಲ್ಲವೆಂದು ಕೈಬಿಟ್ಟವನು ಹೊಲದ ಕಳೆಯನ್ನೇ ಕೀಳದವನು, ಬಲವಂತವಾಗಿ ಬೆಳೆಸಹೊರಟವನು ಪೈರನ್ನೇ ಎಳೆದವನು ಎಂದು ಇಬ್ಬರನ್ನೂ ಒಂದೇ ಉಸಿರಿನಲ್ಲಿ ತಪ್ಪಿತಸ್ಥರನ್ನಾಗಿ ಮಾಡಿದ. ಎರಡನೆಯವನಿಂದ ಉಪಯೋಗವಿಲ್ಲದಿರುವುದಷ್ಟೇ ಅಲ್ಲ, ಹಾನಿಯೂ ಇದೆ ಎಂದ. ನಾಲ್ಕು ಅಕ್ಷರಗಳ ನುಡಿಗಟ್ಟಾಗಿ ಗಟ್ಟಿಗೊಂಡಾಗ ಕಳೆ ಕೀಳದವನು ಕಥೆಯಿಂದ ಜಾರಿಹೋದ. ಹೀಗಾಗಿ ಅವಸರಪಡಬೇಡಿ ಎಂಬಷ್ಟೇ ಅರ್ಥ ಉಳಿಯಿತು. ಇದನ್ನು ದೊಡ್ಡ ನಷ್ಟವೆಂದೇ ನಾನು ಎಣಿಸುತ್ತೇನೆ, ಏಕೆಂದರೆ ಮೂಲದಲ್ಲಿ ತಾಳ್ಮೆ ಎಂದರೆ ಸುಮ್ಮನೆ ಕೂರುವುದಲ್ಲ.

ತೊಗರಿ ನಾಡಿನವರಾದ ನಿಮಗೆ ಇಲ್ಲೊಂದು ಸಂದೇಹ ಬರಬಹುದು. ನಮ್ಮ ರೈತರು ಬಿತ್ತಿ ಸುಮಾರು 45ರಿಂದ 50 ದಿನಗಳಾದ ಮೇಲೆ ತೊಗರಿಯ ಕುಡಿ ಚಿವುಟುತ್ತಾರೆ, ಅದೂ ಪೈರಿನ ಮೇಲೆ ಕೈ ಮಾಡಿದಂತೆಯೇ ಅಲ್ಲವೇ? ಅಲ್ಲ. ಕುಡಿ ಚಿವುಟಿದರೆ ಬೇರು ಅಲುಗುವುದಿಲ್ಲ, ಗಿಡವು ತನ್ನ ಬಲದಿಂದಲೇ ಪಕ್ಕದ ಟೊಂಗೆಗಳನ್ನು ಹೊಡೆದು ಹೆಚ್ಚು ಕಾಯಿ ಹಿಡಿಯುತ್ತದೆ. ಎಡೆ ಹೊಡೆಯುವುದು, ಕಳೆ ತೆಗೆಯುವುದು, ಕುಡಿ ಚಿವುಟುವುದು ಇವೆಲ್ಲ ಮೆನ್ಸಿಯಸ್ ಒಪ್ಪುವ ಆರೈಕೆಗಳೇ. ಸೊಂಗ್‌ನ ರೈತ ಮಾಡಿದ್ದು ಬೇರನ್ನು ಮಣ್ಣಿನಿಂದ ಬಿಡಿಸುವ ಕೆಲಸ.

ಇಂದು ಚೀನಾದಲ್ಲಿ ಈ ನುಡಿಗಟ್ಟು, ಅಕ್ಷರ ಕಲಿಯುವ ವಯಸ್ಸಿಗೂ ಮುನ್ನವೇ ಮಕ್ಕಳನ್ನು ಪಾಠಕ್ಕೆ ಹಚ್ಚುವ ತಂದೆತಾಯಿಗಳ ಕುರಿತ ಚರ್ಚೆಯಲ್ಲಿ ಕೇಳಿಬರುತ್ತದೆ. ಆದ್ದರಿಂದ ನಿಮ್ಮ ಅತಿಥಿಗಳು ಅದನ್ನು ಪಾಲಕರ ಮುಂದೆ ಬಳಸಿದ್ದು ಸರಿಯಾಗಿಯೇ ಇದೆ. ಮುಂದಿನ ಸಭೆಯಲ್ಲಿ ನೀವೇ ಈ ಕಥೆ ಹೇಳುವುದಾದರೆ, ಕಳೆ ಕೀಳದ ರೈತನನ್ನೂ ಸೇರಿಸಿ ಹೇಳಿ. ಮಗುವಿನ ಪುಸ್ತಕವನ್ನು ವರ್ಷಕ್ಕೊಮ್ಮೆಯೂ ತೆರೆದು ನೋಡದ ಪಾಲಕರೂ ಅದೇ ಸಭೆಯಲ್ಲಿ ಕುಳಿತಿರುತ್ತಾರೆ.